ಲಾಲಸಾಬರ ಶ್ವಾಸಕೋಶಗಳ ಗಡಿ ಇತ್ಯರ್ಥ

ಅಂಕಲಿ ಗ್ರಾಮದ ಲಾಲಸಾಬ ಮುಲ್ಲಾ ಅವರ ಬಲ ಶ್ವಾಸಕೋಶವು ಕರ್ನಾಟಕಕ್ಕೂ ಎಡ ಶ್ವಾಸಕೋಶವು ಮಹಾರಾಷ್ಟ್ರಕ್ಕೂ ಸೇರತಕ್ಕದ್ದೆಂದು ಎರಡೂ ಕಡೆಯ ಅಧಿಕಾರಿಗಳ ಜಂಟಿ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು. ತೀರ್ಮಾನವಾಗುವಾಗ ಲಾಲಸಾಬರು ಸ್ಥಳದಲ್ಲಿ ಹಾಜರಿದ್ದರು. ಎರಡೂ ಶ್ವಾಸಕೋಶಗಳನ್ನು ಅವರೇ ಜೊತೆಗೆ ತಂದಿದ್ದರು. ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಪರಸ್ಥಳದ ಕೆಲವರು ವಿಷಯ ತಿಳಿಯದೆ ನಕ್ಕಿದ್ದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳಬೇಕಾಗಿದೆ.

ಲಾಲಸಾಬರು ಹರೆಯದಲ್ಲಿ ಕಾಗವಾಡದ ಆಚೆಗಿದ್ದ ಜಯಗೌರಿ ಸಿಮೆಂಟ್ ಪತ್ರಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆ, ದನದ ಕೊಟ್ಟಿಗೆ, ಶಾಲೆಗಳ ಮೇಲೆ ಹೊದಿಸುವ ಬೂದು ಬಣ್ಣದ ಪತ್ರಾ ಅಲ್ಲಿ ತಯಾರಾಗುತ್ತಿತ್ತು. ಅದಕ್ಕೆ ಸಿಮೆಂಟಿನ ಜೊತೆ ಕಲ್ನಾರು ಬೀಳುತ್ತದೆ. ಆಸ್ಬೆಸ್ಟಾಸ್ ಅನ್ನುವುದು ಅದನ್ನೇ. ಕಾರ್ಮಿಕರು ಮಾತ್ರ ಅದನ್ನು ಅರಳೆ ಅನ್ನುತ್ತಿದ್ದರು, ಏಕೆಂದರೆ ಚೀಲ ಹರಿದ ಕೂಡಲೇ ಅದು ಹತ್ತಿಯ ಹಾಗೆ ಹಾರಿ ಶೆಡ್ಡಿನ ತುಂಬ ತುಂಬಿಕೊಳ್ಳುತ್ತಿತ್ತು. ಚೀಲ ಹರಿದು ಸುರಿಯುವ ಕೆಲಸ ಲಾಲಸಾಬ ಮತ್ತು ಅಕ್ಕೋಳದ ಕಾಮಣ್ಣನದು. ಬೆಳಿಗ್ಗೆ ಕರಿ ತಲೆಯಲ್ಲಿ ಒಳಗೆ ಹೋದ ಇಬ್ಬರು ಸಂಜೆ ಬಿಳಿ ತಲೆಯ ಮುದುಕರಾಗಿ ಹೊರಗೆ ಬರುತ್ತಿದ್ದರು. ಮಾಲಕರಿಗೆ ಕಾರ್ಮಿಕರ ಆರೋಗ್ಯದ ಬಗ್ಗೆ ಅಪಾರ ಕಾಳಜಿ ಇತ್ತು. ಧೂಳಿಗೆ ಬೆಲ್ಲ ಒಳ್ಳೆಯದೆಂದು ಶನಿವಾರಕ್ಕೊಮ್ಮೆ ಎಲ್ಲರಿಗೂ ಒಂದೊಂದು ಹರಳು ಬೆಲ್ಲ ಹಂಚಿಸುತ್ತಿದ್ದರು.

ಮುಂದೆ ಕಾರ್ಖಾನೆ ಮುಚ್ಚಿತು. ಮಾಲಕರು ಪ್ರಾಣಾಯಾಮ ಕೇಂದ್ರ ತೆರೆದು, ಮನುಷ್ಯ ಸರಿಯಾಗಿ ಉಸಿರಾಡುವುದು ಹೇಗೆಂದು ಊರೂರಿಗೆ ಹೋಗಿ ಉಪನ್ಯಾಸ ಕೊಡತೊಡಗಿದರು. ಕಾಮಣ್ಣ ಊರಿಗೆ ಹೋಗಿ ಕಬ್ಬು ಕಡಿಯುವ ಗ್ಯಾಂಗ್ ಸೇರಿದ. ಲಾಲಸಾಬರು ಅಂಕಲಿ ಬಸ್ ನಿಲ್ದಾಣದ ಬದಿಗೆ ಸೈಕಲ್ ಅಂಗಡಿ ಹಾಕಿದರು.

ಕಲ್ನಾರಿನ ಧೂಳಿಗೆ ಅವಸರವಿಲ್ಲ. ಅದು ಒಳಗೆ ಹೋಗಿ ಕುಳಿತು ವರ್ಷಗಟ್ಟಲೆ ಕಾಯುತ್ತದೆ. ಈ ಗುಣದಿಂದಾಗಿಯೇ ಅದಕ್ಕೂ ಸರ್ಕಾರಿ ಕಚೇರಿಗಳಿಗೂ ಚೆನ್ನಾಗಿ ಹೊಂದಿಕೆಯಾಗುತ್ತದೆ. ಲಾಲಸಾಬ, ಕಾಮಣ್ಣ ಇಬ್ಬರಿಗೂ ತಲೆ ನಿಜವಾಗಿ ಬೆಳ್ಳಗಾದ ಮೇಲೆ ದಮ್ಮು ಶುರುವಾಯಿತು. ಮೊದಲು ಕಾಮಣ್ಣ ತೀರಿಕೊಂಡ. ನಿಪ್ಪಾಣಿ ಕಡೆಯ ಒಬ್ಬ ಡಾಕ್ಟರು ಸಾವಿನ ಕಾರಣದ ಜಾಗದಲ್ಲಿ ಧೂಮಪಾನ ಎಂದು ಬರೆದರು. ಕಾಮಣ್ಣ ಮಾಳಕರಿ. ಕೊರಳಲ್ಲಿ ತುಳಸಿ ಮಣಿ, ಆಷಾಢಕ್ಕೆ ಪಂಢರಪುರದ ನಡಿಗೆ. ಬೀಡಿ ಸೇದುವವರ ಪಕ್ಕದಲ್ಲಿಯೂ ಕೂಡುತ್ತಿರಲಿಲ್ಲ. ಆದರೆ ಡಾಕ್ಟರ ತರ್ಕದಲ್ಲಿ ದೋಷವಿರಲಿಲ್ಲ. ಅಕ್ಕೋಳ ನಿಪ್ಪಾಣಿ ತಾಲೂಕಿನಲ್ಲಿದೆ; ನಿಪ್ಪಾಣಿ ತಾಲೂಕಿನಲ್ಲಿ ತಂಬಾಕು ಬೆಳೆಯುತ್ತಾರೆ; ಬೆಳೆದ ಮೇಲೆ ಯಾರಾದರೂ ಸೇದಲೇಬೇಕು.

ಊರಿನ ಭಜನಿ ಮಂದಿಗೆ ಇದು ಗೊತ್ತಾಗಿ, ಕಾಮಣ್ಣನ ಹೆಂಡತಿ ಗಂಗೂಬಾಯಿ ಬಂದರೆ ಮಾತು ತಗ್ಗಿಸತೊಡಗಿದರು. ಮಾತಾಡಿಸಿ ಬರೋಣವೆಂದು ಲಾಲಸಾಬರು ಹೋದಾಗ ಆಕೆ ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿ ಕೇಳಿದಳು.

"ಲಾಲಣ್ಣ, ನೀವು ಇಬ್ಬರೂ ಜೋಡಿ ಇದ್ರಿ. ಖರೇ ಹೇಳ್ರಿ. ಅವರು ಅಲ್ಲಿ ಕದ್ದು ಸೇದತಿದ್ರೇನು?"

ಲಾಲಸಾಬರು ಇಲ್ಲವೆಂದು ಹೇಳಲು ಬಾಯಿ ತೆರೆದರು. ಕೆಮ್ಮು ಬಂದು ಮಾತು ನುಂಗಿತು. ಕೆಮ್ಮು ನಿಲ್ಲುವಷ್ಟರಲ್ಲಿ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋಗಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಒಂದು ನಿಶ್ಚಯಕ್ಕೆ ಬಂದರು. ಇದು ಕಾರ್ಖಾನೆಯ ಧೂಳಿನ ರೋಗವೆಂದು ಸರ್ಕಾರದ ಕೈಯಿಂದಲೇ ಬರೆಸಿಕೊಳ್ಳಬೇಕು. ಕಾಮಣ್ಣನ ಶ್ವಾಸಕೋಶ ಹೋಗಿಬಿಟ್ಟಿದೆ. ತಮ್ಮದು ಇನ್ನೂ ಇದೆ.

ಚಿಕ್ಕೋಡಿಯಲ್ಲಿ ಔದ್ಯೋಗಿಕ ಉಸಿರಾಟ ನಷ್ಟ ಪರಿಹಾರ ಉಪಘಟಕ ಎಂಬ ಕಚೇರಿ ಇತ್ತು. ಕಟ್ಟಡದ ತೀರಾ ಮೇಲಿನ ಮಾಳಿಗೆಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಬಾಗಿಲಲ್ಲೇ ನಿಯಮ ತೂಗುಹಾಕಿದ್ದರು: "ಅರ್ಜಿದಾರರು ಸ್ವತಃ ಮೇಲೆ ಬಂದು ಹಾಜರಾಗತಕ್ಕದ್ದು. ಮೆಟ್ಟಿಲು ಹತ್ತಿ ಬಂದವರನ್ನು ಸಶಕ್ತರೆಂದು ಪರಿಗಣಿಸಲಾಗುವುದು. ಹತ್ತಿ ಬಾರದವರನ್ನು ಗೈರುಹಾಜರೆಂದು ಪರಿಗಣಿಸಲಾಗುವುದು." ಈ ನಿಯಮ ಬಂದಂದಿನಿಂದ ಕಚೇರಿಯಲ್ಲಿ ಒಂದು ಅರ್ಜಿಯೂ ಬಾಕಿ ಉಳಿದಿರಲಿಲ್ಲ. ಶೂನ್ಯ ಬಾಕಿಗಾಗಿ ಬಂದ ಪ್ರಶಸ್ತಿ ಫಲಕವನ್ನು ನಿಯಮದ ಪಕ್ಕದಲ್ಲೇ ಹಾಕಿದ್ದರು.

ಲಾಲಸಾಬರು ಮೊದಲ ಸಲ ಅರ್ಧ ಹತ್ತಿ ಅಲ್ಲೇ ಕುಳಿತರು. ಗೈರುಹಾಜರಾದರು. ಎರಡನೆಯ ಸಲ ಹೆಂಡತಿ ಸರ್ವರಬಿ ಜೊತೆಗೆ ಬಂದಳು. ಆಕೆ ನಿಯಮವನ್ನು ಯಾರಿಂದಲೋ ಓದಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಸಂತೆಯಿಂದ ಇಬ್ಬರು ಹಮಾಲರನ್ನೂ ಚಹಾದಂಗಡಿಯಿಂದ ಒಂದು ಕುರ್ಚಿಯನ್ನೂ ತಂದಳು. ಲಾಲಸಾಬರು ಕುರ್ಚಿಯಲ್ಲಿ ಕುಳಿತೇ ಮೇಲೆ ಬಂದು ಅಧಿಕಾರಿಗಳ ಮುಂದೆ ಇಳಿದರು.

ಅಧಿಕಾರಿ ವಿರುಪಾಕ್ಷಪ್ಪನವರು ಸಜ್ಜನರು, ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ಹತ್ತಿಯೂ ಬಾರದ, ಗೈರುಹಾಜರೂ ಆಗದ ಅರ್ಜಿದಾರರನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದರು. ಗುಮಾಸ್ತ ಹಾಲೇಶನನ್ನು ಕರೆದರು. ಹಾಲೇಶ ಅನುಭವಸ್ಥ. ಕುರ್ಚಿಯಲ್ಲಿ ಬಂದಿರುವುದರಿಂದ ಇದು ಕಾಲಿನ ಪ್ರಕರಣವೆಂದು ನೋಡಿದ ಕೂಡಲೇ ಹೇಳಿದ.

"ಚಾಚಾ, ಕಾಲಿಗೆ ಹಾಕಿಬಿಡ್ತೀನಿ ತಗೊರಿ. ಕಾಲಂದ್ರ ಕಣ್ಣಿಗೆ ಕಾಣತೈತಿ, ಯಾರೂ ಕೇಳೂದಿಲ್ಲ. ಮುಂದಿನ ತಿಂಗಳಿಂದ ರೊಕ್ಕ ಬರತೈತಿ. ನನಗ ಏನರ ಚಹಾಪಾಣಿ ನೋಡ್ರಿ, ಸಾಕು."

"ಕಾಲು ಚಲೋ ಅದಾವಪ್ಪ" ಎಂದರು ಲಾಲಸಾಬರು. "ಪುಪ್ಪಸ ಹೋಗ್ಯಾವ. ಅದನ್ನ ಬರಿ."

ಒಳಗಿನ ಅಂಗಗಳನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲವೆಂದು ಹಾಲೇಶ ತಾಳ್ಮೆಯಿಂದ ವಿವರಿಸಿದ. ಸರ್ವರಬಿಯೂ ಗಂಡನ ಕಿವಿಯಲ್ಲಿ, ಕಾಲಾದರೆ ಕಾಲು, ಔಷಧಕ್ಕಾದರೂ ಆಗುತ್ತದೆ ಎಂದು ಹೇಳಿ ನೋಡಿದಳು. ಲಾಲಸಾಬರು ಒಪ್ಪಲಿಲ್ಲ. ಕಡೆಗೆ ವಿರುಪಾಕ್ಷಪ್ಪನವರೇ ವಿಚಾರಣೆ ನಡೆಸಿ, ಉದ್ಯೋಗವೇನೆಂದು ಕೇಳಿದರು. ಸೈಕಲ್ ಚಕ್ರಕ್ಕೆ ಗಾಳಿ ತುಂಬುವುದು ಎಂದು ಉತ್ತರ ಬಂತು. "ಅರ್ಜಿದಾರರು ಪರರಿಗೆ ಗಾಳಿ ಪೂರೈಸುತ್ತಿದ್ದು, ತಮ್ಮಲ್ಲಿ ಗಾಳಿಯ ಕೊರತೆ ಇದೆ ಎಂಬುದು ಸಂಶಯಾಸ್ಪದ" ಎಂದು ಹಾಲೇಶ ಬರೆದುಕೊಂಡ. ಅದು ಮಷಿನ್ ತುಂಬುವ ಗಾಳಿ, ಪಂಪು ಹೊಡೆಯಲಾರದೆ ಮಷಿನ್ ತಂದದ್ದು ಎಂದು ಸರ್ವರಬಿ ಹೇಳಿದಳು. ಹಾಗಾದರೆ ಮಷಿನನ್ನೂ ಹಾಜರುಪಡಿಸಬೇಕೆಂದು ತೀರ್ಮಾನವಾಯಿತು. ಮುಂದಿನ ವಾರ ಅದೇ ಹಮಾಲರು ಅದನ್ನೂ ಹೊತ್ತು ತಂದರು. ವಿರುಪಾಕ್ಷಪ್ಪನವರು ಗುಂಡಿ ಒತ್ತಿಸಿ ನೋಡಿ, ಮಷಿನಿನ ಉಸಿರಾಟದಲ್ಲಿ ಯಾವುದೇ ದೋಷವಿಲ್ಲವೆಂದು ಷರಾ ಬರೆದರು. ಅರ್ಜಿದಾರರನ್ನು ಡಾಕ್ಟರ ಬಳಿಗೆ ಕಳಿಸಲಾಯಿತು.

ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಮನೀಷಾ ಹೊಸದಾಗಿ ಬಂದವರು, ಪದ್ಧತಿ ಗೊತ್ತಿರಲಿಲ್ಲ. ಎಕ್ಸ್‌ರೇ ನೋಡಿ, ಊದಿಸಿ ನೋಡಿ, ಬೀಡಿ ಸೇದದ ಮನುಷ್ಯನಿಗೆ ಕಲ್ನಾರಿನ ಧೂಳಿನಿಂದಲೇ ಶ್ವಾಸಕೋಶ ಗಟ್ಟಿಯಾಗಿದೆ, ಶೇಕಡಾ ಅರವತ್ತು ನಷ್ಟವಾಗಿದೆ ಎಂದು ನೇರವಾಗಿ ಬರೆದುಬಿಟ್ಟರು. ನಿಯಮದಂತೆ ಶೇಕಡಾ ನಲವತ್ತಾದರೆ ಸಾಕು, ಪರಿಹಾರ ಕೊಡಲೇಬೇಕು. ಕಚೇರಿಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಹಾಲೇಶನಿಗೆ ಹೊಳೆಯಿತು. ಆ ಕಾರ್ಖಾನೆ ಇದ್ದದ್ದು ಸರಿಯಾಗಿ ಗಡಿಯ ಮೇಲೆ. ಗೇಟು ಈಚೆಗೆ, ಗೋದಾಮು ಆಚೆಗೆ, ಚೀಲ ಹರಿಯುವ ಶೆಡ್ಡಿನ ನಟ್ಟನಡುವೆ ಗಡಿ. ಎರಡೂ ಕಡೆಯ ತೆರಿಗೆ ತಪ್ಪಿಸಲು ಮಾಲಕರು ಹಾಗೆ ಕಟ್ಟಿಸಿದ್ದರು. ಅಂದ ಮೇಲೆ ಧೂಳು ಯಾವ ರಾಜ್ಯದ್ದು? ವಿರುಪಾಕ್ಷಪ್ಪನವರ ಮುಖ ಅರಳಿತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಹಾಲೇಶನನ್ನು ಪ್ರೀತಿಯಿಂದ ಗದರಿದರು.

ಆಚೆ ಕಡೆಯ ಕಚೇರಿಯ ಅಧಿಕಾರಿ ಉತ್ತಮ ಸಾಳುಂಖೆ ಅವರಿಗೆ ಪತ್ರ ಹೋಯಿತು. ಧೂಳು ನಮ್ಮದಿರಬಹುದು, ಆದರೆ ಉಸಿರು ಎಳೆದುಕೊಂಡ ಮನುಷ್ಯ ನಿಮ್ಮವನು ಎಂದು ಅವರು ಉತ್ತರಿಸಿದರು. ನಮ್ಮ ಮನುಷ್ಯ ನಿಮ್ಮ ಧೂಳನ್ನು ಅನುಮತಿಯಿಲ್ಲದೆ ತಂದಿದ್ದರೆ ವಾಪಸು ಪಡೆಯಲು ಅಭ್ಯಂತರವಿಲ್ಲ ಎಂದು ವಿರುಪಾಕ್ಷಪ್ಪನವರು ಬರೆದರು. ಕಬ್ಬಿನ ಒಂದು ಹಂಗಾಮು ಪೂರ್ತಿ ಹೀಗೆಯೇ ಕಳೆಯಿತು. ಲಾಲಸಾಬರು ಅಂಗಡಿ ತೆರೆಯುವುದನ್ನು ಬಿಟ್ಟು ಮನೆಯ ಮುಂದಿನ ಬಾಜು ಮಂಚದ ಮೇಲೆ ದಿಂಬು ಒರಗಿಕೊಂಡು ಕೂಡುವಂತಾದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಈ ನಡುವೆ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು: ಕನ್ನಡಿಗನ ಶ್ವಾಸಕೋಶದ ಮೇಲೆ ಆಚೆಯವರ ಕಣ್ಣು. ಆಚೆಯ ಪತ್ರಿಕೆಯಲ್ಲೂ ಅದೇ ಸುದ್ದಿ ತಿರುಗುಮುರುಗಾಗಿ ಬಂತು. ಪರಿಹಾರದ ಮಾತು ಬಂದಾಗ ಯಾರಿಗೂ ಬೇಡವಾಗಿದ್ದ ಶ್ವಾಸಕೋಶಗಳು ಮಾನದ ಮಾತು ಬಂದ ಕೂಡಲೇ ಎಲ್ಲರಿಗೂ ಬೇಕಾದವು. ಈಚೆಯ ಗಡಿನಾಡ ಕಟ್ಟಾಳು ಪಡೆಯ ಅಧ್ಯಕ್ಷ ದುಂಡೇಶ, ಆಚೆಯ ಸೀಮಾಭಾಗ ಸಿಂಹ ಸಂಘಟನೆಯ ಅಧ್ಯಕ್ಷ ದಾದಾಸಾಹೇಬ, ಇಬ್ಬರೂ ಒಂದೇ ದಿನ ಕಾಗವಾಡದ ಹತ್ತಿರ ರಸ್ತೆ ತಡೆ ಇಟ್ಟರು.

ಅದೇ ದಿನ ಲಾಲಸಾಬರಿಗೆ ದಮ್ಮು ಹೆಚ್ಚಾಗಿ, ಸರ್ವರಬಿ ಅವರನ್ನು ಆಚೆಯ ದೊಡ್ಡ ದವಾಖಾನೆಗೆ ಬಸ್ಸಿನಲ್ಲಿ ಕರೆದುಕೊಂಡು ಹೊರಟಿದ್ದಳು. ಬಸ್ಸು ರಸ್ತೆ ತಡೆಯಲ್ಲಿ ನಿಂತಿತು. ಕಿಟಕಿಯಿಂದ ನೋಡಿದರೆ ಎದುರಿಗೆ ದೊಡ್ಡ ಬ್ಯಾನರಿನ ಮೇಲೆ ಅವರದೇ ಎಕ್ಸ್‌ರೇ, ತಲೆಕೆಳಗಾಗಿ. ಪ್ರಾಣ ಬಿಟ್ಟೇವು, ಪುಪ್ಪಸ ಬಿಡೆವು ಎಂದು ಕೆಳಗೆ ಬರೆದಿತ್ತು. ಸರ್ವರಬಿ ಇಳಿದು ದುಂಡೇಶನ ಬಳಿ ಹೋದಳು.

"ತಮ್ಮಾ, ನೀವು ಯಾರ ಸಲವಾಗಿ ಕುಂತೀರಿ, ಅವರು ಬಸ್ಸಿನ್ಯಾಗ ಅದಾರ. ಉಸರು ಹತ್ತೇತಿ. ಬಸ್ಸು ಬಿಡಸು."

ದುಂಡೇಶ ಗದ್ಗದಿತನಾದ. ಬಸ್ಸು ಬಿಡಿಸುವ ಬದಲು ಲಾಲಸಾಬರನ್ನು ಎತ್ತಿ ಇಳಿಸಿಕೊಂಡು ಬಂದು, ಹಾರ ಹಾಕಿ, ಎರಡು ಮಾತು ಆಡಬೇಕೆಂದು ಮೈಕು ಹಿಡಿದ. ಮೈಕಿನಲ್ಲಿ ಅವರ ಎದೆಯ ಸುಂಯ್‌ ಸುಂಯ್‌ ಸದ್ದು ಸುತ್ತಲಿನ ಕಬ್ಬಿನ ಹೊಲಗಳಿಗೆಲ್ಲ ಕೇಳಿಸಿತು. ಮುಖಂಡರು ಭಾವುಕರಾಗಿದ್ದಾರೆ ಎಂದು ದುಂಡೇಶ ಸಾರಿದ. ನಾಡಾಭಿಮಾನದ ಅಂಥ ಭಾಷಣವನ್ನು ತಾವು ಕೇಳಿಲ್ಲವೆಂದು ಜನ ಚಪ್ಪಾಳೆ ತಟ್ಟಿದರು. ಇದನ್ನು ಕಂಡು ದಾದಾಸಾಹೇಬನ ಕಡೆಯವರು ಬಂದು ನ್ಯಾಯವಾಗಿ ತಮ್ಮ ಪಾಲು ಕೇಳಿದರು. ಲಾಲಸಾಬರನ್ನು ಆಚೆಗೂ ಒಯ್ದು, ಇನ್ನೊಂದು ಹಾರ ಹಾಕಿ, ಇನ್ನೊಂದು ಮೈಕು ಹಿಡಿದರು. ಅಲ್ಲಿ ಅದೇ ಸದ್ದನ್ನು ಮರಾಠಿಯಲ್ಲಿ ಕೇಳಲಾಯಿತು. ಬಸ್ಸು ಹೊರಡುವಷ್ಟರಲ್ಲಿ ದವಾಖಾನೆಯಲ್ಲಿ ಚೀಟಿ ಕೊಡುವುದು ನಿಂತಿತ್ತು. ಗಂಡಹೆಂಡತಿ ಎರಡು ಹಾರಗಳೊಂದಿಗೆ ಅಂಕಲಿಗೆ ಮರಳಿದರು.

ಹೋರಾಟಕ್ಕೆ ಮಣಿದು ಸರ್ಕಾರಗಳು ಜಂಟಿ ಸಮಿತಿ ರಚಿಸಿದವು. ವಿರುಪಾಕ್ಷಪ್ಪ ಮತ್ತು ಉತ್ತಮ ಸಾಳುಂಖೆ ಇಬ್ಬರೂ ಭೂಮಾಪಕರನ್ನು ಕರೆದುಕೊಂಡು ಹಳೆಯ ಕಾರ್ಖಾನೆಯ ಜಾಗಕ್ಕೆ ಬಂದರು. ಶೆಡ್ಡು ಬಿದ್ದು ಗೋಡೆಯಷ್ಟೇ ಉಳಿದಿತ್ತು. ನೆಲಕ್ಕೆ ಸುಣ್ಣದ ಗೆರೆ ಎಳೆದು, ಲಾಲಸಾಬರು ಆಗ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ ನಿಲ್ಲಬೇಕೆಂದು ಕೇಳಿಕೊಂಡರು. ಅವರು ನಿಂತರು. ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟೇ ನಿಂತರು. ಅದು ಯಾಕೆಂದು ಸಮಿತಿ ಕೇಳಲಿಲ್ಲ. ಗೆರೆ ಅವರ ಎರಡು ಪಾದಗಳ ನಡುವೆ ಹಾದುಹೋಯಿತು. ಬಲಗಾಲು ಈಚೆ, ಎಡಗಾಲು ಆಚೆ.

ಉತ್ತಮ ಸಾಳುಂಖೆ ಅನುಭವಿ ಅಧಿಕಾರಿ. "ಕಾಕಾ, ಏಕ್ ಸಾಂಗಾ" ಎಂದು ಮರಾಠಿಯಲ್ಲೇ ಮೃದುವಾಗಿ ಶುರುಮಾಡಿ, ಕೆಲಸ ಮಾಡುವಾಗ ಎಂದಾದರೂ ಹಿಂದಕ್ಕೆ ತಿರುಗಿದ್ದುಂಟೇ ಎಂದು ಕೇಳಿದರು. ತಿರುಗಿದರೆ ಎಡ ಬಲ ಅದಲುಬದಲಾಗುತ್ತದೆ. ಚೀಲ ಎತ್ತಲು ತಿರುಗಬೇಕಾಗುತ್ತಿತ್ತೆಂದು ಲಾಲಸಾಬರು ಒಪ್ಪಿಕೊಂಡರು. ಹಾಗೆ ತಿರುಗಿದ್ದು ಕಾರ್ಮಿಕರ ಸ್ವಂತ ಜವಾಬ್ದಾರಿ ಎಂದು ಇಬ್ಬರೂ ಅಧಿಕಾರಿಗಳು ಕೂಡಲೇ ಒಮ್ಮತಕ್ಕೆ ಬಂದರು. ಗಡಿ ವಿಷಯದಲ್ಲಿ ಎರಡು ಕಡೆಯವರು ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ಎಲ್ಲರಿಗೂ ಸಂತೋಷ ತಂದಿತು.

ಆದೇಶ ಅಲ್ಲೇ ಓದಲಾಯಿತು. ಬಲ ಈಚೆಗೆ, ಎಡ ಆಚೆಗೆ. ಒಟ್ಟು ನಷ್ಟ ಅರವತ್ತು. ಸಮಪಾಲು ಮಾಡಿದರೆ ಒಂದೊಂದು ಕಡೆ ಮೂವತ್ತು. ನಲವತ್ತಕ್ಕಿಂತ ಕಡಿಮೆ ಇರುವುದರಿಂದ ಎರಡೂ ರಾಜ್ಯಗಳಲ್ಲಿ ಅರ್ಜಿದಾರರು ಪರಿಹಾರಕ್ಕೆ ಅರ್ಹರಲ್ಲ.

"ಸಾಹೇಬ್ರ, ಮನಷ್ಯಾ ಒಬ್ಬನ ಅಲ್ರಿ?" ಎಂದರು ಲಾಲಸಾಬರು.

"ಮನಷ್ಯಾ ಒಬ್ಬನ ಹೌದ್ರಿ" ಎಂದರು ವಿರುಪಾಕ್ಷಪ್ಪನವರು. ಅವರಿಗೆ ನಿಜವಾಗಿಯೂ ಕೆಟ್ಟೆನಿಸಿತ್ತು. "ಕಡತ ಎರಡು. ನೀವು ಹೆದರಬ್ಯಾಡ್ರಿ. ಈ ರೋಗ ಬೆಳೀತೈತಂತ ಡಾಕ್ಟರಮ್ಮನ ಬರದಾರ. ಬಲದ್ದು ಒಂದು ನಲವತ್ತಕ್ಕ ಬರಲಿ, ನಾನ ಮುಂದ ನಿಂತು ಮಾಡಿಸಿಕೊಡ್ತೀನಿ."

ಲಾಲಸಾಬರು ಆದೇಶವನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದರು. ನಿರಾಕರಣೆಯ ಆದೇಶವಾದರೂ ಅದರ ಹಿನ್ನೆಲೆಯ ಭಾಗದಲ್ಲಿ, ಡಾಕ್ಟರಮ್ಮನ ಮಾತನ್ನು ಹಾಗೆಯೇ ಇಳಿಸಿಕೊಂಡು, ಸದರಿ ರೋಗವು ತಂಬಾಕಿನಿಂದ ಬಂದದ್ದಲ್ಲ, ಸದರಿ ಕಾರ್ಖಾನೆಯ ಧೂಳಿನಿಂದ ಬಂದದ್ದು ಎಂದು ಬರೆದಿತ್ತು. ಅದನ್ನು ಯಾರೂ ಗಮನಿಸಿ ಹೊಡೆದುಹಾಕಿರಲಿಲ್ಲ. ಅವರು ಮನೆಗೆ ಹೋಗದೆ ಬಸ್ಸು ಬದಲಿಸಿ ಅಕ್ಕೋಳಕ್ಕೆ ಹೋದರು. ಗಂಗೂಬಾಯಿಯ ಅಂಗಳದಲ್ಲಿ ಕುಳಿತು, ನಾಲ್ಕು ಸಲ ನಿಂತು ದಮ್ಮು ತೆಗೆದುಕೊಂಡು, ಆ ಒಂದು ಸಾಲನ್ನು ಓದಿದರು. ಇಬ್ಬರೂ ಒಂದೇ ಶೆಡ್ಡಿನಲ್ಲಿ, ಒಂದೇ ಧೂಳಿನಲ್ಲಿ ಇದ್ದೆವು ಎಂದು ತಮ್ಮ ಕಡೆಯಿಂದ ಸೇರಿಸಿದರು.

ಗಂಗೂಬಾಯಿ ಎದ್ದು ಹೋಗಿ ಭಜನಿ ಮಂದಿಯನ್ನು ಕರೆತಂದು, ಇನ್ನೊಮ್ಮೆ ಓದಿಸಿದಳು. ಆ ವರ್ಷ ಪಂಢರಪುರಕ್ಕೆ ದಿಂಡಿ ಹೊರಟಾಗ ಆಕೆಯನ್ನು ನೋಡಿ ಯಾರೂ ದನಿ ತಗ್ಗಿಸಲಿಲ್ಲ. ಕಾಮಣ್ಣನ ಕಾಗದವನ್ನೂ ತಿದ್ದಿಕೊಡಬೇಕೆಂದು ಆಕೆ ಚಿಕ್ಕೋಡಿಗೆ ಬರೆಸಿದ ಅರ್ಜಿಗೆ ಮಾತ್ರ ಬೇರೆ ಉತ್ತರ ಬಂತು. ಮೃತರ ಶ್ವಾಸಕೋಶಗಳನ್ನು ದಹಿಸಲಾಗಿರುವುದರಿಂದ ಅಳತೆ ಸಾಧ್ಯವಿಲ್ಲ. ಅಲ್ಲದೆ ಹೊಗೆಯು ಗಡಿ ದಾಟಿರುವ ಸಂಭವವಿದೆ.

ಆದೇಶಕ್ಕೆ ಜನ ಬೇಗ ಹೊಂದಿಕೊಂಡರು. ಅಂಕಲಿಯಲ್ಲಿ ಅವರನ್ನು ಮಾತಾಡಿಸಲು ಬಂದವರು, ಇವತ್ತು ಯಾವ ಕಡೆ ನೋಯುತ್ತಿದೆ, ಈಚೆಗೋ ಆಚೆಗೋ ಎಂದು ಕೇಳುತ್ತಿದ್ದರು. ಈಚೆಗೆ ಎಂದರೆ ಕನ್ನಡದ ಹಳೆಯ ಬಾಂಧವ್ಯದಿಂದ ಮರುಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಲಾಲಸಾಬರು ಬಾಜಿನ ಮೇಲೆ ಕುಳಿತಲ್ಲೇ ತೀರಿಕೊಂಡರು. ಸರ್ವರಬಿ ದಿಂಬು ಸರಿಮಾಡಲು ಹೋದಾಗ ಗೊತ್ತಾಯಿತು. ಎರಡೂ ಶ್ವಾಸಕೋಶಗಳು ಏಕಕಾಲಕ್ಕೆ ನಿಂತವೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರಿಂದ ಯಾವುದೇ ಗಡಿ ತಕರಾರು ಉದ್ಭವಿಸಲಿಲ್ಲ. ಎರಡೂ ಕಚೇರಿಗಳು ತಮ್ಮ ತಮ್ಮ ಕಡೆಯ ಶ್ವಾಸಕೋಶಕ್ಕೆ ಪ್ರತ್ಯೇಕವಾಗಿ ಸಂತಾಪ ಸೂಚಿಸಿದವು.

ಸರ್ವರಬಿ ಆಗಲೇ ಕೆಮ್ಮುತ್ತಿದ್ದಳು. ಗಂಡನ ಆರೈಕೆಯಲ್ಲಿ ಅದಕ್ಕೆ ಪುರಸೊತ್ತು ಕೊಟ್ಟಿರಲಿಲ್ಲ. ನಲವತ್ತು ದಿನ ಕಳೆದ ಮೇಲೆ ದವಾಖಾನೆಗೆ ಹೋದಳು. ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಹಿಡಿದು, ಇದು ಗಂಡನದೇ ಇರಬೇಕೆಂದು ಹೆಸರು ಎರಡು ಸಲ ನೋಡಿದರು. ಕಾರ್ಖಾನೆಯ ಬಾಗಿಲನ್ನೂ ನೋಡದ ಹೆಂಗಸಿಗೆ ಇದು ಹೇಗೆ ಬಂತೆಂದು ಕೇಳಿದಾಗ ಆಕೆಗೆ ಉತ್ತರ ಗೊತ್ತಿತ್ತು. ದಿನಾ ಸಂಜೆ ಗಂಡನ ಅಂಗಿ ಧೋತರ ಝಾಡಿಸಿ ಒಗೆಯುತ್ತಿದ್ದವಳು ಆಕೆ.

ಚಿಕ್ಕೋಡಿಯ ಕಚೇರಿಗೆ ಆಕೆಯನ್ನೂ ಕುರ್ಚಿಯ ಮೇಲೆ ಹೊತ್ತು ತಂದರು. ಹಮಾಲರಿಗೆ ಈಗ ದಾರಿ ರೂಢಿಯಾಗಿತ್ತು. ವಿರುಪಾಕ್ಷಪ್ಪನವರು ಎದ್ದು ನಿಂತು ಮಾತಾಡಿಸಿದರು, ನೀರು ತರಿಸಿಕೊಟ್ಟರು. ಆಮೇಲೆ ವಿಷಯಕ್ಕೆ ಬಂದರು.

"ಅರಬಿ ಎಲ್ಲಿ ಒಗೀತಿದ್ರಿ?"

"ಹೊಳ್ಯಾಗ್ರಿ."

ಹಾಲೇಶನೂ ವಿರುಪಾಕ್ಷಪ್ಪನವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೃಷ್ಣೆ ಆಚೆ ರಾಜ್ಯದಿಂದ ಬರುತ್ತಾಳೆ, ಈಚೆ ಹರಿಯುತ್ತಾಳೆ, ಮುಂದೆ ಇನ್ನೂ ಎರಡು ರಾಜ್ಯಗಳನ್ನು ದಾಟಿ ಸಮುದ್ರ ಸೇರುತ್ತಾಳೆ. ಅದರಲ್ಲಿ ತೊಳೆದ ಧೂಳು ಅಂತಾರಾಜ್ಯ ಜಲವಿವಾದವಾಗುತ್ತದೆ. ತಾಲೂಕು ಮಟ್ಟದಲ್ಲಿ ಮುಟ್ಟುವಂತಿಲ್ಲ. ಒಂದೊಂದು ರಾಜ್ಯಕ್ಕೆ ಅರ್ಧರ್ಧ ಶ್ವಾಸಕೋಶ ಬರಬಹುದೆಂದು ಹಾಲೇಶ ಬೆರಳೆಣಿಸಿ ಹೇಳಿದ. ಆದೇಶ ಅಂದೇ ಸಿದ್ಧವಾಯಿತು: "ನದಿ ವ್ಯಾಜ್ಯದ ಅಂತಿಮ ತೀರ್ಪು ಬರುವವರೆಗೆ ಅರ್ಜಿದಾರಳು ತನ್ನ ಶ್ವಾಸಕೋಶಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಂಡು ಬರತಕ್ಕದ್ದು. ತಪ್ಪಿದಲ್ಲಿ ಆದೇಶದ ಉಲ್ಲಂಘನೆ ಎಂದು ಭಾವಿಸಲಾಗುವುದು."

ಹಾಲೇಶ ಅದನ್ನು ಓದಿ ಹೇಳಿದಾಗ ಸರ್ವರಬಿ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದಳು.

"ಆಗಲಿ ಸಾಹೇಬ್ರ. ಕಾಪಾಡತೀನಿ."

ಸುದ್ದಿ ಹರಡಿ, ಪತ್ರಾ ಕಾರ್ಖಾನೆಯ ಹಳೆಯ ಕಾರ್ಮಿಕರ ಹೆಂಡಂದಿರು ರಾಯಬಾಗ, ಅಥಣಿ ಕಡೆಯಿಂದಲೂ ಬರತೊಡಗಿದರು. ಗದ್ದಲವಾಗಬಾರದೆಂದು ಹಾಲೇಶ ಕೆಳಗಿನ ಅಂಗಳದಲ್ಲೇ ಮೇಜು ಹಾಕಿಸಿದ. ಹೊಳೆಯಲ್ಲಿ ಒಗೆದವರು ಎಡಕ್ಕೆ, ಬಾವಿಯಲ್ಲಿ ಒಗೆದವರು ಬಲಕ್ಕೆ ಎಂದು ಕೂಗಿ ಹೇಳಲಾಯಿತು. ಹೆಂಗಸರು ತಮ್ಮ ತಮ್ಮಲ್ಲಿ ವಿಚಾರಿಸಿಕೊಂಡು, ಕೆಮ್ಮುತ್ತ, ಜಗಳವಿಲ್ಲದೆ ಎರಡು ಸಾಲಾಗಿ ನಿಂತರು. ಬೋರ್‌ವೆಲ್ ನೀರಿನಲ್ಲಿ ಒಗೆದವರಿಗೆ ಸೋಮವಾರ ಬರಲು ತಿಳಿಸಲಾಯಿತು. ಅವರು ಸೋಮವಾರ ಬಂದರು.